ಎರಡು ಮಾತು

ಸೋಹಾರಿನ ಆಸ್ಪತ್ರೆಯಲ್ಲಿ ನನ್ನ ಕೆಲಸ ಬಟ್ಟೆಯದು.
ಚಾದರ, ದಿಂಬಿನ ಚೀಲ, ಹಸಿರು ನಿಲುವಂಗಿ,
ಬಂದದ್ದೆಷ್ಟು, ಹೋದದ್ದೆಷ್ಟು, ಕಲೆ ಹೋಗದ್ದೆಷ್ಟು.
ಆ ದಿನ ಮೇಲಿನಿಂದ ಫೋನು:
ನಿನಗೆ ಕನ್ನಡ ಬರುತ್ತದಂತಲ್ಲ, ಬಾ.

ಬರುತ್ತದೆ ಅಂದರೆ ಹೊನ್ನಾವರದ ಶಾಲೆಯಷ್ಟು.
ಮನೆಯಲ್ಲಿ ನವಾಯತಿ, ಕ್ಯಾಂಪಿನಲ್ಲಿ ಹಿಂದಿ,
ಅಂಗಡಿಯಲ್ಲಿ ಅರಬಿ.
ಕನ್ನಡವನ್ನು ಇಸ್ತ್ರಿ ಮಾಡಿ ಮಡಿಚಿಟ್ಟು
ಹತ್ತೊಂಬತ್ತು ವರ್ಷ.

ಹಾಸಿಗೆಯಲ್ಲಿ ಇಳಕಲ್ಲಿನ ಯಮನೂರಪ್ಪ,
ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅಟ್ಟಣಿಗೆ ಕಟ್ಟುವವನು.
ಎದೆಯ ಬಲಗಡೆ ಮೂರು ವಾರದ ನೀರು.
"ಮಲಗಿದ್ರ ಯಾರೋ ಎದಿ ಮ್ಯಾಲ ಕುಂತಂಗ ಆಗ್ತೈತ್ರಿ."
ಡಾಕ್ಟರ್ ರಹ್ಮಾಗೆ ನಾನು ಹೇಳಿದೆ: ಭಾರ ಅಂತೆ.
ಕುಂತಿದ್ದವನನ್ನು ಅಲ್ಲೇ ಬಿಟ್ಟೆ.

ಒಪ್ಪಿಗೆಯ ಕಾಗದ.
ಆಕೆ ಓದುತ್ತ ಹೋದರು, ನಾನು ಹುಡುಕುತ್ತ ಹೋದೆ.
ಗಾಳಿ ನುಗ್ಗಿ ಶ್ವಾಸಕೋಶ ಕುಸಿಯಬಹುದು.
ಶ್ವಾಸಕೋಶ ಅಂದಾಗ ನನ್ನ ಬಾಯಿ ನೋಡಿದ,
ಪುಪ್ಪುಸ ಅಂದೆ, ಇನ್ನೂ ನೋಡಿದ,
ಕೊನೆಗೆ ಸೈಕಲ್ಲಿನ ಟ್ಯೂಬು ಅಂದೆ.
"ಹಾಂ, ಪಂಕ್ಚರ್ರು!" ನಕ್ಕ.
ರಕ್ತ ಬರಬಹುದು, ಕೀವಾಗಬಹುದು. ತಲೆಯಾಡಿಸಿದ.
ಸೂಜಿ ಕೆಳಗೆ ಜಾರಿದರೆ ತಾಗುವ ಅಂಗಕ್ಕೆ
ಕಟುಕನ ಅಂಗಡಿಯ ಹೆಸರೇ ಬಾಯಿಗೆ ಬಂತು, ನುಂಗಿದೆ.
ಬೇಗ ಬೇಗ ತೆಗೆದರೆ
ಮುದುಡಿದ್ದು ಒಮ್ಮೆಲೇ ಅರಳಿ
ತನ್ನೊಳಗೇ ನೀರು ತುಂಬಿಕೊಳ್ಳಬಹುದು —
ಇದನ್ನು ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ.
"ಹಿಂಗ ಸಣ್ಣಪುಟ್ಟದ್ದು" ಅಂದುಬಿಟ್ಟೆ
ಅವನ ಮಾತಿನ ವೇಷ ತೊಟ್ಟು.
ಸಹಿ ಮಾಡಿದ, ಅಪ್ಪನ ಹೆಸರು ಸಮೇತ.

ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ತೋಳು,
ತೋಳಿನ ಮೇಲೆ ಗದ್ದ, ಬೆನ್ನು ಬೆಳಕಿಗೆ.
ಸೂಜಿ ಹೋಗುವಾಗ ಕೆಮ್ಮದಿರಲಿ,
ನೀರು ಇಳಿಯುವಾಗ ಕೆಮ್ಮು ಬಂದರೆ ಕೂಡಲೇ ಹೇಳಲಿ,
ಅಂದರು ಆಕೆ.
ಎರಡು ಮಾತು. ನಾನು ಒಂದು ಮಾಡಿದೆ:
ಕೆಮ್ಮಬೇಡ.

ಬಾಟಲಿಯಲ್ಲಿ ಏರಿತು ತೆಳು ಸುಲೇಮಾನಿಯ ಬಣ್ಣ.
ಎಂಟುನೂರು. ಸಾವಿರ.
ಅವನ ಕತ್ತಿನ ನರ ಉಬ್ಬಿತ್ತು, ಹಲ್ಲು ದಿಂಬು ಕಚ್ಚಿತ್ತು.
ನೋವಿರಬೇಕು, ಗಟ್ಟಿ ಆಳು ಅಂದುಕೊಂಡೆ.
ಸಾವಿರದ ನಾನೂರಕ್ಕೆ ಕಟ್ಟೆ ಒಡೆಯಿತು.
ಕೆಮ್ಮಿನ ಮೇಲೆ ಕೆಮ್ಮು, ಉಸಿರಿಗೆ ಸಂದೇ ಇಲ್ಲ,
ಆಮೇಲೆ ತುಟಿಯಲ್ಲಿ ನೊರೆ, ನಸುಗೆಂಪು.
ಕೊಳವೆ ಎಳೆದರು, ಮುಖಕ್ಕೆ ಮಾಸ್ಕು ಒತ್ತಿದರು,
ನನ್ನನ್ನು ಬಾಗಿಲಾಚೆ ನೂಕಿದರು.
ಆಗ ಯಾರಿಗೂ ಕನ್ನಡ ಬೇಕಿರಲಿಲ್ಲ.

ಹೊರಗೆ ಆಗಸ್ಟು. ಕಿಟಕಿಯ ಗಾಜು
ಆಚೆ ಬದಿಯಿಂದ ಬೆವರುತ್ತಿತ್ತು.
ಬಂದರಿನ ದೀಪಗಳು ಕರಗಿ ಕೆಳಗಿಳಿಯುತ್ತಿದ್ದವು.

ನಾಲ್ಕನೇ ದಿನ ಹೋದೆ.
ಕೂತಿದ್ದ, ಮೂಗಿಗೆ ನಳಿಗೆ, ಅಂಗೈಯಲ್ಲಿ ಖರ್ಜೂರದ ಬೀಜ.
"ಕೆಮ್ಮಬ್ಯಾಡ ಅಂದಿದ್ರಲ್ರಿ ನೀವು,
ಭಾಳ ತಡಕೊಂಡೆ. ಕಡೀಕ ಆಗಲಿಲ್ಲ. ತಪ್ಪಾತು."

ತಪ್ಪಾತು ಅಂದ. ಅವನು. ನನಗೆ.

ಇನ್ನೊಂದು ಖರ್ಜೂರ ಕೊಟ್ಟ. ತಿಂದೆ.
ಕಡತದಲ್ಲಿ ಬರೆದಿದೆಯಂತೆ:
ರೋಗಿ ಮೊದಲೇ ತಿಳಿಸಲಿಲ್ಲ.

ಆ ದಿಂಬಿನ ಚೀಲ ಕೆಳಗೆ ಬಂದಿತ್ತು.
ಎರಡು ಸಲ ಒಗೆದೆವು. ಕಲೆ ಹೋಯಿತು,
ಹಲ್ಲೂರಿದ ಸಣ್ಣ ತೂತುಗಳ ಸಾಲು ಉಳಿಯಿತು.
ಹರಿದವುಗಳ ಪಟ್ಟಿಗೆ ಸೇರಿಸಿದೆ: ಒಂದು.
ಕಾರಣ ಅನ್ನುವಲ್ಲಿ
ಗೆರೆ ಎಳೆದೆ.