ಸತುವಿಗೆ ಬಣ್ಣ ಹಚ್ಚಬಾರದು

ಏಪ್ರಿಲ್. ಬೋಹುಸ್‌ಲೆನ್ ಕರಾವಳಿಯಲ್ಲಿ ಇನ್ನೂ
ಬೆರಳು ಮರಗಟ್ಟಿಸುವ ಗಾಳಿ.
ಅಂಚೆದೋಣಿಯನ್ನು ದಡದಲ್ಲಿ ತೊಲೆಗಳ ಮೇಲೆ ಕೂರಿಸಿದ್ದಾರೆ.
ಹಿಂದುಗಡೆ ನಾನು, ರಟ್ಟಿನ ಮೇಲೆ ಮೊಣಕಾಲೂರಿ
ಅದರ ಕಾಲನ್ನು ತಡವುತ್ತಿದ್ದೇನೆ.
ಕೈಪಿಡಿಯಲ್ಲಿ ಅದಕ್ಕೆ ಔಟ್‌ಡ್ರೈವ್ ಎಂದು ಹೆಸರು,
ನನಗದು ಲಾಳ ಸವೆದ ಮುದಿ ಕುದುರೆಯ ಹಿಂಗಾಲು.

ಒಂದೇ ಬೇಸಿಗೆಯಲ್ಲಿ ಎಷ್ಟು ಬಾಡಿಗೆದಾರರು!
ಪ್ರೊಪೆಲರ್ ಸಂದಿಯಲ್ಲಿ ಬಾರ್ನಕಲ್‌ಗಳ ಸಂಸಾರ,
ರಬ್ಬರ್ ತೋಳಿನ ಮಡಿಕೆಯಲ್ಲಿ ಸಾಸಿವೆಯಷ್ಟು ನೀಲಿಕಲ್ಲಿನ ಮರಿ,
ನೀರು ಹೀರುವ ಬಾಯಿಗೆ ಒಣಗಿದ ಹಸಿರು ಗಡ್ಡ.
ಅಕ್ಟೋಬರಿನಲ್ಲೇ ಕೆರೆಯಬೇಕಿತ್ತು.
ಹಸಿ ಇದ್ದಾಗ ಉಗುರಿಗೆ ಬರುತ್ತವೆ,
ಈಗ ಸಿಮೆಂಟು.
ಮರದ ಚಾಣ ಹಿಡಿದು ಒಂದೊಂದನ್ನೇ ಎಬ್ಬಿಸುತ್ತೇನೆ.
ಎದ್ದು ಹೋದವರು ಬಿಟ್ಟುಹೋದ ಬಿಳಿ ಬಳೆಗುರುತು
ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಬಣ್ಣದಡಿ ಗುಳ್ಳೆ. ಗುಳ್ಳೆಯೊಳಗೆ ಬಿಳಿ ಹಿಟ್ಟು.
ಅಲ್ಯೂಮಿನಿಯಂ ಕೆಂಪಗೆ ಅಳುವುದಿಲ್ಲ, ಕಬ್ಬಿಣದಂತೆ;
ಸದ್ದಿಲ್ಲದೆ ಹಿಟ್ಟಾಗುತ್ತದೆ.
ಉಪ್ಪು ತಿಂದದ್ದಕ್ಕೆ ಮೊದಲು ಸಿಹಿನೀರು ಕುಡಿಸಬೇಕು,
ಆಮೇಲೆ ಉಪ್ಪುಕಾಗದ, ಒರಟು, ನಂತರ ನಯ,
ಲೋಹ ಮೀನಿನ ಹೊಟ್ಟೆಯಂತೆ ಹೊಳೆಯುವವರೆಗೆ.
ಹೊಳೆದ ತಕ್ಷಣ ಪ್ರೈಮರ್; ಕಾಫಿಗೆ ಎದ್ದರೆ ಕೆಟ್ಟಿತು.
ಎರಡು ಕೈ ಎಪಾಕ್ಸಿ. ಮೇಲೆ ತಾಮ್ರವಿಲ್ಲದ ಕಪ್ಪು ಬಣ್ಣ.
ತಾಮ್ರ ಬಾರ್ನಕಲ್ ಓಡಿಸುತ್ತದೆ, ನಿಜ.
ಕಾಲನ್ನೂ ತಿನ್ನುತ್ತದೆ.

ಉಳಿದದ್ದು ಸತು.
ಅಂಗೈಯಗಲದ ಬೂದು ತುಂಡು, ಬೋಲ್ಟು ಹಾಕಿ ಬಿಗಿದದ್ದು.
ತಾನು ಕರಗಿ ಕಾಲನ್ನು ಉಳಿಸುತ್ತದೆ.
ಪಾದ್ರಿಯ ದನಿಯಲ್ಲಿ ಇದನ್ನು ಹೇಳಬೇಡಿ,
ಸತುವಿಗೆ ತ್ಯಾಗ ಗೊತ್ತಿಲ್ಲ,
ಅದಕ್ಕೆ ಅವಸರ, ಅಷ್ಟೆ.
ನನ್ನದು ಮಾತ್ರ ಎರಡು ವರ್ಷದಿಂದ
ಜುಲೈ ಮುಗಿಯುವ ಮೊದಲೇ ಚೀಪಿದ ಪೆಪ್ಪರ್‌ಮಿಂಟು.

ಹೋದ ಶರತ್ಕಾಲ ಕರೆಂಟಿನ ಹುಡುಗಿ ಶಿರಿನ್ ಬಂದು
ಮೀಟರಿನ ಒಂದು ಕಡ್ಡಿ ನೀರಿಗೆ, ಒಂದು ಎಂಜಿನ್ನಿಗೆ ಹಿಡಿದು,
ಕಟ್ಟೆಯ ವಿದ್ಯುತ್ ಕಂಬದ ತನಕ ಕಣ್ಣಲ್ಲೇ ನಡೆದು,
"ನಿನ್ನ ಸತು ನಿನ್ನೊಬ್ಬಳಿಗೆ ದುಡಿಯುತ್ತಿಲ್ಲ" ಎಂದಳು.
ಒಂದೇ ಕಂಬಕ್ಕೆ ಎರಡು ದೋಣಿಯ ವಯರು,
ವಯರಿನೊಳಗೆ ಹಸಿರು-ಹಳದಿ ಎಳೆ,
ಎಳೆಯ ಆ ತುದಿಗೆ ತೂರೆ.

ತೂರೆ! ಹಗ್ಗ ಸುತ್ತುವ ಗೂಟ ಯಾರದೆಂಬ ಜಗಳಕ್ಕೆ
ಮೂರು ವರ್ಷ ನಾವು ಮಾತು ಬಿಟ್ಟವರು.
ಅವನ ಮನೆ ಕಾಗದವನ್ನೂ ಪೆಟ್ಟಿಗೆಗೆ ಎಸೆದು ಬರುತ್ತೇನೆ.
ನೀರಡಿಯಲ್ಲಿ ಮಾತ್ರ ರಾತ್ರಿಯಿಡೀ
ನನ್ನ ಸತು ಅವನ ಕಾಲು ಕಾಯುತ್ತಿತ್ತು.

ಇವತ್ತು ಅವನ ದೋಣಿಯೂ ಪಕ್ಕದಲ್ಲೇ.
ಈಗ ಅವನಿಗೆ ಕಣ್ಣು ಮಬ್ಬು.
ಎಡಗೈ ಹೆಬ್ಬೆರಳು ಮುಂದೆ, ಹಿಂದಿನಿಂದ ಬ್ರಷ್ಷು,
ಸವರಿ ಸವರಿ ಹಚ್ಚುತ್ತಾನೆ.
ಅಂಚು ತಪ್ಪಿಲ್ಲ, ಒಂದು ಹನಿ ಸೋರಿಲ್ಲ.
ಹಾಗೇ ಸತುವಿಗೂ ಹಚ್ಚಿದ್ದಾನೆ,
ಪದರದ ಮೇಲೆ ಪದರ, ಎಷ್ಟು ವರ್ಷದ್ದೋ,
ಬಾಗಿಲು ಹಾಕಿ ಮಲಗಿಸಿದ ಹಾಗೆ.

ಅವನು ಊಟಕ್ಕೆ ಹೋದ.
ನಾನು ಅತ್ತಿತ್ತ ನೋಡಿದೆ, ಕಳ್ಳಿಯಂತೆ.
ಉಪ್ಪುಕಾಗದದ ಉಳಿದ ಚೂರು ಮಡಚಿ
ಅವನ ಸತುವನ್ನು ಉಜ್ಜಿದೆ, ಕಪ್ಪು ಹೋಗಿ ಕೆಂಪು,
ಕೆಂಪು ಹೋಗಿ ಯಾವುದೋ ಹಳೇ ನೀಲಿ,
ಕೊನೆಗೆ ಬೂದು, ಬೆತ್ತಲೆ.
ಭುಜ ಬಿದ್ದುಹೋಯಿತು. ಬೈದುಕೊಂಡೆ.
ನನ್ನ ಲಾಭಕ್ಕೇ, ಎಂದುಕೊಂಡೆ.

ಬಂದ. ಕೂತ. ಹೆಬ್ಬೆರಳು ಕಾಲಿನುದ್ದ ಇಳಿದು
ಅಲ್ಲಿ ನಿಂತಿತು.
"ಇಲ್ಲಿ ಬಣ್ಣ ಎದ್ದುಹೋಗಿದೆ"
ಎಂದ, ತನಗೇ ಎಂಬಂತೆ,
ಡಬ್ಬಿಯಲ್ಲಿ ಬ್ರಷ್ಷು ಅದ್ದಿದ.

ಮೂರು ವರ್ಷದ ಮೇಲೆ ಗಂಟಲು ಕೆರೆದುಕೊಂಡು
ಹೇಳಿದೆ:
"ಅದನ್ನು ಬಿಡು, ತೂರೆ. ಅದು ಹಾಗೇ ಇರಬೇಕು."

ಬ್ರಷ್ಷಿನ ತುದಿಯಿಂದ ಒಂದು ಕಪ್ಪು ಹನಿ
ಜಲ್ಲಿಕಲ್ಲಿನ ಮೇಲೆ.
"ಯಾಕೆ?" ಎಂದ.