ಗುಲಾಬಿಯ ಸದ್ದು

ನಲವತ್ತೊಂದು ವರ್ಷ
ಲಾಂಗ್ ಈಟನ್ನಿನ ಲೇಸ್ ಗಿರಣಿಯ ಮೂರನೇ ಮಹಡಿಯಲ್ಲಿ
ಬಡಗಣ ಬೆಳಕಿಗೆ ಮುಖಮಾಡಿ ಕೂತು
ಚೌಕಳಿ ಕಾಗದದ ಮೇಲೆ ಎಳೆ ಹೋಗುವ ದಾರಿ ಬರೆದವನು ನಾನು.
ಮದುವಣಗಿತ್ತಿಯರ ಮುಸುಕು, ಮೇಜುಬಟ್ಟೆಯ ಅಂಚು,
ಕಂಡವರ ಕಿಟಕಿಯ ಪರದೆ.
ಹೂವಿಗಿಂತ ಹೂವಿನ ಸುತ್ತಲ ತೂತೇ ಮುಖ್ಯ
ಅಂತ ಕಲಿಸಿದ್ದು ಮೇಸ್ತ್ರಿ ಆಲ್ಡ್ರೆಡ್.
ತೂತು ತಪ್ಪಿದರೆ ಹರಿಯುತ್ತದೆ; ಹೂ ತಪ್ಪಿದರೆ
ಅದು ಬೇರೆ ಜಾತಿಯ ಹೂ, ಅಷ್ಟೆ.

ಗಿರಣಿ ಮುಚ್ಚಿ ಎರಡು ಚಳಿಗಾಲ.
ಈ ಶನಿವಾರ ಮೊಮ್ಮಗ ಡ್ಯಾರಿಲ್
ಮನೆಮನೆಗೆ ಪೇಪರ್ ಹಾಕಿ ಕೂಡಿಟ್ಟ ದುಡ್ಡಲ್ಲಿ
ಒಂದು ಕಪ್ಪು ಹಲಗೆ ತಂದ.
ರಬ್ಬರ್ ಕೀಲಿಗಳ ಪುಟ್ಟ ಕಂಪ್ಯೂಟರಿಗೆ ಅದರ ಬಾಲ,
ಕಂಪ್ಯೂಟರಿನ ಬಾಲ ಟೀವಿಗೆ,
ಟೀವಿಯೆದುರು ಮಂಡಿಯೂರಿ ನಾನು.
ಪ್ರಾರ್ಥನೆಗೂ ಹೀಗೆ ಊರಿದವನಲ್ಲ.

"ಬರಿ ತಾತ."
ತಂತಿ ಕಟ್ಟಿದ ಪೆನ್ನು. ಶಾಯಿಯಿಲ್ಲ.
ಒತ್ತಿದೆ. ಹಲಗೆಯ ಮೇಲೆ ಏನೂ ಮೂಡಲಿಲ್ಲ.
"ಕೈ ನೋಡಬೇಡ, ಅಲ್ಲಿ ನೋಡು."
ಅಲ್ಲಿ, ಒಂದು ಮಾರು ದೂರದಲ್ಲಿ,
ಯಾರದೋ ಗೆರೆ ಹೊರಟಿತ್ತು.

ಹಾಗೆ ನೋಡಿದರೆ ಹೊಸತೇನಲ್ಲ.
ನಾನು ಬರೆದದ್ದನ್ನು ಇನ್ನೊಬ್ಬ ರಟ್ಟಿನಲ್ಲಿ ಕೊರೆಯುತ್ತಿದ್ದ,
ಕೊರೆದದ್ದನ್ನು ಮಗ್ಗ ಓದುತ್ತಿತ್ತು,
ನನ್ನ ಗೆರೆಯನ್ನು ನಾನು ಕಂಡದ್ದು ತಿಂಗಳುಗಳ ಮೇಲೆ
ಬಸ್ಸಿನಿಂದ, ಯಾರದೋ ಕಿಟಕಿಯಲ್ಲಿ.
ಆದರೂ ಕೈಯನ್ನು ನೋಡದೆ ಕೈಯನ್ನು ನಂಬುವುದು
ಅರವತ್ತೆಂಟಕ್ಕೆ ಕಲಿಯುವ ವಿದ್ಯೆಯೆ?
ಕತ್ತಲಲ್ಲಿ ಅಂಗಿಯ ಗುಂಡಿ ಹಾಕಿಕೊಂಡಂತೆ
ತಡವಿದೆ. ಗೆರೆ ಎಡವಿತು, ಅಂಚು ದಾಟಿ ಹೋಯಿತು,
ಬೆಕ್ಕಿನ ಹಾಗೆ, ಕರೆದಾಗ ಬರಲಿಲ್ಲ,
ಸುಮ್ಮನಿದ್ದಾಗ ಬಂತು.

ಗುಲಾಬಿ ಬರೆದೆ. ನಿದ್ದೆಯಲ್ಲೂ ಬರೆಯಬಲ್ಲೆ:
ಐದು ಎಸಳು, ಒಳಗೊಂದು ಸುಳಿ.
ಕೆಂಪು ತುಂಬಿದೆ. ಪಕ್ಕಕ್ಕೆ ಹಸಿರೆಲೆ ಇಟ್ಟೆ.
ಎಲೆ ತಾಗಿದ್ದೇ ತಡ, ಎಸಳಿನ ಮೂಲೆಯೂ ಹಸಿರು!
"ಅದು ಹಾಗೇ ತಾತ. ಒಂದು ಚೌಕಕ್ಕೆ ಎರಡೇ ಬಣ್ಣ,
ಕಪ್ಪೂ ಸೇರಿ."
ನಗು ಬಂತು. ಚೌಕವೇ! ಹಳೆಯ ಪರಿಚಯ.
ಒಂದೇ ಬಣ್ಣದಲ್ಲಿ ಸಂಸಾರ ಮಾಡಿದವನಿಗೆ, ಮಗೂ,
ಎರಡೆಂದರೆ ಐಶ್ವರ್ಯ.
ಬಣ್ಣ ತೆಗೆದೆವು. ಕಪ್ಪಿನ ಮೇಲೆ ಬಿಳಿ ಎಳೆ.
ಈಗ ಅದು ನನ್ನದಾಯಿತು.

ಆಮೇಲೆ ಹುಡುಗ ಯಾವುದೋ ಕೀಲಿ ಒತ್ತಿದ.
ಗುಲಾಬಿ ದೊಡ್ಡದಾಯಿತು, ಇನ್ನೂ ದೊಡ್ಡದು,
ಒಂದು ಎಸಳಿನ ಒಂದು ಬಳುಕು
ಟೀವಿ ತುಂಬ ಮೆಟ್ಟಿಲು ಮೆಟ್ಟಿಲು.
ಅದರೊಳಗೆ ನನ್ನ ನಡುಕ.
ಡಾಕ್ಟರಿಗೂ ವಿನಿಫ್ರೆಡ್‌ಗೂ ಹೇಳದೆ
ಬ್ರಷ್ಷಿನ ದಪ್ಪದಲ್ಲಿ ಮುಚ್ಚಿಟ್ಟದ್ದು
(ಕಾಗದ ಒಳ್ಳೆಯದು, ಕುಡಿದು ಸುಮ್ಮನಿರುತ್ತದೆ)
ಇಲ್ಲಿ ಚುಕ್ಕಿ ಚುಕ್ಕಿಯಾಗಿ, ಎಣಿಸಲು ಬರುವಂತೆ.
ಹುಡುಗ ಎಣಿಸಲಿಲ್ಲ.
"ಒಂದೊಂದೇ ಅಳಿಸಿ ಸರಿ ಮಾಡಲಾ?" ಅಂದ.
ನೋಡಿದೆ. ಎರಡು ಮೇಲೆ, ಒಂದು ಕೆಳಗೆ, ಮತ್ತೆ ಎರಡು.
ಪರದೆಯ ಅಂಚಿಗೆ ಹಾಕುತ್ತಿದ್ದ ಮುಳ್ಳುಕುಣಿಕೆ
ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು.
ಬೇಡ ಅಂದೆ. ಬೇಗ ಉಳಿಸು,
ಕರೆಂಟ್ ಮೀಟರಿಗೆ ಹಾಕಿದ ನಾಣ್ಯ ಮುಗಿಯುತ್ತ ಬಂತು.

ಖಾಲಿ ಕ್ಯಾಸೆಟ್ ಇರಲಿಲ್ಲ.
ವಿನಿಫ್ರೆಡ್‌ಳ ಹಿತ್ತಾಳೆ ವಾದ್ಯಮೇಳದ ಟೇಪಿನ ತುದಿಯಲ್ಲಿ
ಒಂದಿಷ್ಟು ಜಾಗವಿತ್ತು. ಅಲ್ಲೇ ತುರುಕಿದೆವು.

ಈಗ ಪ್ರತಿ ಭಾನುವಾರ ಅಡುಗೆಮನೆಯಲ್ಲಿ
ತುತ್ತೂರಿಗಳೆಲ್ಲ ಊದಿ ಮುಗಿಸಿ, ಜನ ಚಪ್ಪಾಳೆ ತಟ್ಟಿ,
ಟೇಪು ಒಂದು ಕ್ಷಣ ಬರೀ ಉಸಿರಾಡಿ,
ಕಿರ್ರೋ ಎಂದು ಅರಚತೊಡಗುತ್ತದೆ ನನ್ನ ಗುಲಾಬಿ.
ಮೊದಲ ವಾರ ಅವಳ ಕೈಯಿಂದ ಬೋಗುಣಿ ಬಿತ್ತು.
ಈಗ ಆಲೂಗಡ್ಡೆ ಸುಲಿಯುತ್ತ, ಒದ್ದೆ ಕೈ,
ಆರಿಸಲು ಏಳುವುದಿಲ್ಲ.
"ಎಲೆ ಎಲ್ಲಿ ಬರುತ್ತೆ ಇದರಲ್ಲಿ?" ಕೇಳುತ್ತಾಳೆ.
ಸ್ವಲ್ಪ ತಡಿ, ಅನ್ನುತ್ತೇನೆ,
ಇನ್ನೂ ಎಸಳೇ ಮುಗಿದಿಲ್ಲ.