ಎಣ್ಣೆಗಪ್ಪು

ಮಂಗಳವಾರ ಮಧ್ಯಾಹ್ನ, ಶಂಕರಘಟ್ಟ.
ಕಿಟಕಿಗೆ ಹಳೇ ಜಮಖಾನ ಕಟ್ಟಿ
ನಾವು ಹನ್ನೊಂದು ಜನ ಕತ್ತಲು ಮಾಡಿಕೊಳ್ಳುತ್ತೇವೆ.
ಐಚ್ಛಿಕ ಪತ್ರಿಕೆ: ಸಿನಿಮಾ, ಆಫ್ರಿಕಾ,
ಹಡಗು ತುಂಬಿ ಸಾಗಿಸಿದವರ ಮಕ್ಕಳು ಮೊಮ್ಮಕ್ಕಳು.
ಇದನ್ನು ಓದಿ ಏನು ಮಾಡ್ತೀಯೇ, ಅಂದಿದ್ದಳು ಅಮ್ಮ.
ನೋಡ್ತೀನಿ, ಅಂದಿದ್ದೆ.
ಅದಕ್ಕಿಂತ ಒಳ್ಳೆ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಪರದೆಯ ಮೇಲೆ ಯಾವುದೋ ಕಡಲೂರು.
ಹೆಂಗಸೊಬ್ಬಳು ಮೀನು ಕೊಯ್ಯುತ್ತಿದ್ದಾಳೆ, ಮಾತಿಲ್ಲ.
ಕಾದ ಬಾಣಲೆಯಲ್ಲಿ ಎಣ್ಣೆ ಹರಿದ ಹಾಗೆ
ಬೆಳಕು ಅವಳ ಕೆನ್ನೆ ಮೇಲೆ ಹರಿದು,
ದವಡೆಯ ಹತ್ತಿರ ನಿಂತು, ಯೋಚಿಸಿ,
ಕತ್ತಿಗೆ ಇಳಿಯುತ್ತದೆ.
ಎಣ್ಣೆಗಪ್ಪು ಅಂತ ನಮ್ಮಲ್ಲೊಂದು ಮಾತಿದೆ,
ಹೆಣ್ಣು ನೋಡಲು ಬಂದವರು ಜಗಲಿ ಇಳಿದ ಮೇಲೆ
ದನಿ ತಗ್ಗಿಸಿ ಆಡುವ ಮಾತು.
ಅದರಲ್ಲಿ ಎಣ್ಣೆಯೂ ಇದೆ ಎಂದು
ನನಗೆ ತಿಳಿದದ್ದು ಇಪ್ಪತ್ತೆರಡನೇ ವಯಸ್ಸಿಗೆ.

ಪದ್ಮರೇಖಾ ಮೇಡಂ ದೀಪ ಹಾಕಿದರು.
ಬಣ್ಣದ ಫಿಲ್ಮು ಮಾಡಿದವರು
ಬಿಳಿ ಹೆಂಗಸೊಬ್ಬಳ ಮುಖ ಇಟ್ಟುಕೊಂಡು ಅಳತೆ ಹಿಡಿದರಂತೆ.
ಆ ಕೆನ್ನೆ ಸರಿ ಬಂದರೆ ಲೋಕ ಸರಿ.
ಉಳಿದವರು ಬರೀ ಹಲ್ಲು, ಕಣ್ಣು, ಅಂಗಿಯ ಗುಂಡಿ.

ನಾನು ನೋಟ್ಸ್ ಬರೆಯಲಿಲ್ಲ.
ದುರ್ಗಿಗುಡಿಯ ಓಣಿಯಲ್ಲಿ ಅಪ್ಪನ ಸ್ಟುಡಿಯೊ,
ಕನ್ನಡಿ ಪಕ್ಕ ಪೌಡರ್ ಡಬ್ಬಿ,
ಕದಿಯದಂತೆ ದಾರ ಕಟ್ಟಿದ ಬಾಚಣಿಗೆ.
ರಾತ್ರಿ ಊಟವಾದ ಮೇಲೆ ನೆಗೆಟಿವ್ ಎತ್ತಿ ಹಿಡಿದು
ಪೆನ್ಸಿಲ್ ಮೊನೆಯಲ್ಲಿ ಕೆನ್ನೆ ತೀಡುತ್ತಿದ್ದ:
ಇಲ್ಲಿ ಕಪ್ಪು ಹಚ್ಚಿದಷ್ಟೂ ಅಲ್ಲಿ ಬೆಳ್ಳಗಾಗ್ತಾರೆ ಮಗಳೇ,
ಇಷ್ಟೇ ವಿದ್ಯೆ.
ಎಷ್ಟು ಸಂಬಂಧ ಕುದುರಿದವೋ ಆ ಪೆನ್ಸಿಲಿನಿಂದ.
ನನ್ನ ಸ್ಕೂಲ್ ಫೀಸಂತೂ ಅದರದೇ.

ಪಕ್ಕದ ಕುರ್ಚಿಯಲ್ಲಿ ಜುಲ್ಯಾಂವ್ ಸಿದ್ದಿ,
ಹಳಿಯಾಳದ ಕಡೆಯವನು, ಮನೆಮಾತು ಕೊಂಕಣಿ.
ಭದ್ರಾವತಿ ಬಸ್ಸಿನಲ್ಲಿ ದಿನಾ ಕೇಳುತ್ತಾರೆ, ಯಾವ ದೇಶ?
ಹಳಿಯಾಳ ದೇಶ, ಅಂತಾನೆ. ವೀಸಾ ಬೇಡ, ಬನ್ನಿ.
ಸೆಮಿನಾರಿಗೆ ಡಮಾಮಿ ಬಾರಿಸ್ತೀಯಾ, ಎಂದರು ಯಾರೋ.
ಬರಲ್ಲ ಸಾರ್, ಮೊಬೈಲ್ ರಿಪೇರಿ ಬರುತ್ತೆ.
ಅವನ ಪರೀಕ್ಷೆ ಅರ್ಜಿ ಎರಡು ಸಲ ವಾಪಸು ಬಂದಿದೆ,
ಕೆಂಪು ಶಾಯಿಯಲ್ಲಿ:
ಭಾವಚಿತ್ರದಲ್ಲಿ ಮುಖ ಸ್ಪಷ್ಟವಿಲ್ಲ.

ಭಾನುವಾರ ಶಟರ್ ಅರ್ಧ ಎತ್ತಿ ಬಗ್ಗಿ ಒಳಗೆ ಹೋದೆವು.
ಈಗ ಅಲ್ಲಿ ಜೆರಾಕ್ಸು, ಲ್ಯಾಮಿನೇಶನ್ನು.
ಪರದೆಗೆ ಬಳಿದ ಜೋಗ ಮಾತ್ರ
ಬೇಸಿಗೆ ಎನ್ನದೆ ಧುಮುಕುತ್ತಲೇ ಇದೆ.
ಅಪ್ಪನ ಕೈ ರೂಢಿಯಂತೆ ಪೌಡರ್ ಡಬ್ಬಿಗೆ ಹೋಯಿತು,
ಹೋಗಿ ಅಲ್ಲೇ ನಿಂತಿತು.
ನಾನೇನೂ ಹೇಳಲಿಲ್ಲ.
ಒಂದು ದೀಪ ಆರಿಸಿದ.
ಇನ್ನೊಂದರ ಮೋರೆ ಗೋಡೆಗೆ ತಿರುಗಿಸಿದ.
ಬಿಳಿ ಪಂಚೆಯೊಂದನ್ನು ಕೊಡವಿ ನನ್ನ ಕೈಗೆ ಕೊಟ್ಟು
ಅವನ ಎಡಕ್ಕೆ ಹಿಡಿ, ಅಂದ.
ಕಪ್ಪಿಗೆ ಬೆಳಕು ಎರಚಬಾರದು,
ಸವರಬೇಕು.

ಇದು ನಿಂಗೆ ಗೊತ್ತಿತ್ತಾ?
ಗೊತ್ತಿಲ್ಲದೆ ಏನು. ಯಾವ ಗಿರಾಕಿ ಕೇಳಿದ?

ಆಮೇಲೆ ಡ್ರಾಯರಿನ ತಳದಿಂದ, ಕಾಗದದಡಿಯಿಂದ,
ಒಂದು ಪ್ರಿಂಟು ತೆಗೆದ. ಪೆನ್ಸಿಲ್ ತಾಗದ್ದು.
ಅಜ್ಜಿ, ಕರಿಯಮ್ಮ,
ಮೊಣಕಾಲ ಮೇಲೆ ಕೈ ಊರಿ, ಬೈಯುವ ಮುಂಚಿನ ತುಟಿ,
ಹಣೆಯಲ್ಲಿ ನಿಂತ ಬೆಳಕು.
ಮನೆಯ ಗೋಡೆಯಲ್ಲಿ ಹಾರ ಹಾಕಿಸಿಕೊಂಡವಳು
ಗೋಧಿ ಬಣ್ಣದವಳು.
ಹದಿನಾಲ್ಕು ವರ್ಷ
ನಾವು ಎಡೆ ಇಟ್ಟದ್ದು ಯಾರಿಗೆ?

ಪಾಸ್‌ಪೋರ್ಟ್ ಸೈಜು, ಎಂಟು ಪ್ರತಿ.
ಅಪ್ಪ ಅರವತ್ತು ರೂಪಾಯಿ ಎಣಿಸಿಯೇ ತೆಗೆದುಕೊಂಡ.
ಒಂದನ್ನು ಜುಲ್ಯಾಂವ್ ಊರಿಗೆ ಕಳಿಸಿದ.
ಅವನವ್ವ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು
ಕೊನೆಗೆ ಕೇಳಿದ್ದು, ಊಟ ಸರಿಯಾಗಿ ಮಾಡ್ತೀಯಾ ಅಂತ.

ಅರ್ಜಿ ಈ ಸಲ ವಾಪಸು ಬರಲಿಲ್ಲ.
ಹಾಲ್ ಟಿಕೆಟ್ ಕೊಡುತ್ತಾ ಕೌಂಟರಿನವರು
ಫೋಟೋ ನೋಡಿದರು, ಮುಖ ನೋಡಿದರು,
ಇನ್ನೊಮ್ಮೆ ಫೋಟೋ ನೋಡಿ, ಕನ್ನಡಕ ಏರಿಸಿ,
ಚೆನ್ನಾಗಿ ಬಂದಿದೀಯಪ್ಪಾ, ಅಂದರು.
ಯಾವ ದೇಶ?